ಅಲಂಕಾರವೂ ಅಂಗಡಿಯೂ

ಹುಡುಗಿಯೊಬ್ಬಳು ಕನ್ನಡಿಯ ಮುಂದೆ ಕುಳಿತು ಹಣೆಗೆ ಬೊಟ್ಟಿಟ್ಟುಕೊಳ್ಳುವುದು ಚರಿತ್ರಕಾರನು ಗಣನೆಗೆ ತೆಗೆದುಕೊಳ್ಳತಕ್ಕ ಸಂಗತಿಯೇ ಎಂದು ಕೇಳುವವರುಂಟು. ರಾಜ್ಯಗಳ ಏಳುಬೀಳು, ಯುದ್ಧಗಳ ತಾರೀಖು, ಶಾಸನಗಳ ಪಾಠ ಇವುಗಳನ್ನು ಬದಿಗಿಟ್ಟು ಕಾಡಿಗೆ, ಕುಂಕುಮ, ಸ್ನೋ, ಪೌಡರುಗಳ ಮಾತನ್ನೆತ್ತಿದರೆ ಅದು ವಿನೋದಕ್ಕಾದೀತೇ ಹೊರತು ವಿಚಾರಕ್ಕಾಗದು ಎಂಬುದು ಅವರ ಅಭಿಪ್ರಾಯ. ಆದರೆ ಆ ಬೊಟ್ಟು ಎಲ್ಲಿಂದ ಬಂದಿತು, ಅದಕ್ಕೆ ಹಣ ಕೊಟ್ಟವರು ಯಾರು, ಅದನ್ನಿಡಲು ಅಪ್ಪಣೆ ಕೊಟ್ಟವರು ಯಾರು ಎಂದು ವಿಚಾರಿಸಹೊರಟೆವಾದರೆ, ರೈಲುದಾರಿ, ಮಹಾಯುದ್ಧ, ವಿವಾಹದ ಕಾನೂನು, ಬಾಲಿಕಾ ಪಾಠಶಾಲೆ, ನಾಟಕಶಾಲೆ, ಸರ್ಕಾರದ ಕಾರ್ಖಾನೆ ಇವೆಲ್ಲವೂ ಒಂದರ ಹಿಂದೊಂದು ಬಂದು ಆ ಕನ್ನಡಿಯಲ್ಲಿ ಮುಖ ತೋರಿಸುತ್ತವೆ. ಆದಕಾರಣ ಈ ವಿಷಯವನ್ನು ಕೊಂಚ ಗಂಭೀರವಾಗಿಯೇ ಪರಿಶೀಲಿಸುವುದು ಉಚಿತವೆಂದು ತೋರುತ್ತದೆ.

ಲೋಕವೆಲ್ಲವನ್ನೂ ಸುತ್ತಿ ಬರುವುದಕ್ಕಿಂತ ಒಂದು ಸೀಮೆಯನ್ನು ಹಿಡಿದು ನೋಡುವುದು ಮೇಲು. ತುಮಕೂರು ನಗರದ ಅಂಚಿನಲ್ಲಿ ಸತ್ಯಮಂಗಲವೆಂಬ ಊರಿದೆ. ಒಂದು ಕಾಲಕ್ಕೆ ಬೇಸಾಯದ ಹಳ್ಳಿ. ಇಂದು ಪೇಟೆಯ ಸೆರಗು. ಇತ್ತ ಗುಬ್ಬಿ, ಅತ್ತ ಕುಣಿಗಲು, ನಡುವೆ ತುಮಕೂರಿನ ಮಂಡಿಪೇಟೆ. ಈ ಸೀಮೆಯ ಒಂದು ಮನೆಯಲ್ಲಿ ಮುತ್ತಜ್ಜಿ, ಅಜ್ಜಿ, ತಾಯಿ, ಮಗಳು ಎಂಬ ನಾಲ್ವರು ತಂತಮ್ಮ ಹದಿನಾಲ್ಕು ಹದಿನೈದರ ಪ್ರಾಯದಲ್ಲಿ ಹೇಗೆ ಸಿಂಗರಿಸಿಕೊಂಡಿರಬಹುದೆಂದು ಊಹಿಸಿಕೊಳ್ಳೋಣ. ಆ ನಾಲ್ವರಿಗೂ ಮೂರು ಪ್ರಶ್ನೆಗಳನ್ನು ಹಾಕೋಣ. ಸಾಮಗ್ರಿಯನ್ನು ತಯಾರಿಸಿದವರು ಯಾರು? ಕೊಂಡವರು ಯಾರು? ಹಚ್ಚಿದ ಕೈ ಯಾರದು? ಈ ಮೂರಕ್ಕೂ ದೊರೆಯುವ ಉತ್ತರ ತಲೆಮಾರಿನಿಂದ ತಲೆಮಾರಿಗೆ ಬದಲಾಗಿರುವುದೇ ಈ ಪ್ರಸಂಗದ ಸಾರ.

ಅಲಂಕಾರದ ಶಾಸ್ತ್ರ ನಮ್ಮ ನಾಡಿಗೆ ಹೊಸದಲ್ಲ. 11ನೆಯ ಶತಮಾನದ ಮೊದಲ ಭಾಗದಲ್ಲಿ, ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಚಾವುಂಡರಾಯನೆಂಬಾತನು ರಚಿಸಿದ ಕನ್ನಡದ ‘ಲೋಕೋಪಕಾರ’ದಲ್ಲಿ ಕೂಪಶಾಸ್ತ್ರ, ವೃಕ್ಷಾಯುರ್ವೇದ, ಸೂಪಶಾಸ್ತ್ರಗಳ ಜೊತೆಗೆ ಸುಗಂಧದ್ರವ್ಯಗಳನ್ನು ಕೂಡಿಸುವ ವಿಧಾನವೂ ಬಂದಿದೆ. ಮುಂದಿನ ಶತಮಾನದಲ್ಲಿ ಚಾಲುಕ್ಯ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಸ್ನಾನ, ವಿಲೇಪನ, ಮಾಲ್ಯ, ಭೂಷಣ ಮೊದಲಾದ ಭೋಗಗಳ ವಿಸ್ತಾರವಾದ ವರ್ಣನೆಯುಂಟು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇವಾಲಯದಲ್ಲಿ ಕನ್ನಡಿ ಹಿಡಿದು ನಿಂತ ದರ್ಪಣಸುಂದರಿಯನ್ನು ಕಾಣದ ಕನ್ನಡಿಗರು ವಿರಳ. ತುಮಕೂರಿಗೆ ಸಮೀಪದ ಕೈದಾಳದಲ್ಲಿಯೂ ಅದೇ ಶತಮಾನದ ಚೆನ್ನಕೇಶವ ದೇವಾಲಯ ನಿಂತಿದೆ. ಆದರೆ ಈ ಗ್ರಂಥಗಳೂ ಈ ಶಿಲ್ಪಗಳೂ ಅರಮನೆಯ ಮತ್ತು ದೇಗುಲದ ವೈಭವವನ್ನು ಹೇಳುತ್ತವೆ. ಕಸ್ತೂರಿ ಪುನುಗುಗಳು ಒಕ್ಕಲ ಮನೆಯ ಹುಡುಗಿಗೆ ದೊರೆಯುತ್ತಿದ್ದುವೆಂದು ಅವುಗಳಿಂದ ಊಹಿಸುವುದು ಸಲ್ಲದು. ಅವಳ ಅಲಂಕಾರವು ಅಡಿಗೆಯ ಮನೆಯಿಂದಲೂ ಹಿತ್ತಲಿಂದಲೂ ಹುಟ್ಟುತ್ತಿದ್ದಿತು.

ಆ ತಯಾರಿಕೆಯ ಕ್ರಮವು ಇಂದಿನವರಿಗೆ ಮರೆತುಹೋಗುತ್ತಿರುವುದರಿಂದ ಎರಡು ಮಾತು ಹೇಳಬೇಕಾಗಿದೆ. ಹೊಲದ ಅಂಚಿನಲ್ಲಿ ಬೆಳೆದ ಹರಳಿನಿಂದ ಎಣ್ಣೆ ತೆಗೆದು, ಅದರಲ್ಲಿ ಬತ್ತಿಯನ್ನುರಿಸಿ, ಉರಿಯ ಮೇಲೆ ಬಟ್ಟಲನ್ನು ಬೋರಲಾಗಿ ಕವುಚಿ, ಕಟ್ಟಿದ ಮಸಿಯನ್ನು ಕೆರೆದು ಬೆಣ್ಣೆಯಲ್ಲೋ ತುಪ್ಪದಲ್ಲೋ ಮಿದ್ದರೆ ಕಾಡಿಗೆಯಾಯಿತು. ಅರಿಸಿನದ ಕೊಂಬನ್ನು ನಿಂಬೆಯ ರಸ, ಬಿಳಿಗಾರಗಳಲ್ಲಿ ನೆನೆಯಿಟ್ಟು, ಒಣಗಿಸಿ, ಕುಟ್ಟಿ, ಜರಡಿ ಹಿಡಿದರೆ ಕುಂಕುಮ. ಸಬ್ಬಕ್ಕಿಯನ್ನು ಕಪ್ಪಾಗುವಂತೆ ಹುರಿದು, ನೀರೆರೆದು ಕುದಿಸಿ, ಗರಟೆಯಲ್ಲಿ ಹೆಪ್ಪುಗಟ್ಟಲು ಬಿಟ್ಟರೆ ಹಣೆಗಿಡುವ ಸಾದು. ತಲೆಗೆ ಸೀಗೆಪುಡಿ, ಅಂಟುವಾಳ, ಮೈಗೆ ಕಡಲೆಹಿಟ್ಟು, ಹೆಸರುಹಿಟ್ಟು, ಕೈಗೆ ಗೋರಂಟಿ, ಮುಡಿಗೆ ಗಾಣದಿಂದ ತಂದ ಕೊಬ್ಬರಿ ಎಣ್ಣೆ. ಇಷ್ಟೂ ಸಾಮಗ್ರಿಗೆ ಕೈಯಿಂದ ಹೊರಡುತ್ತಿದ್ದ ಕಾಸು ಅತ್ಯಲ್ಪ.

ಕೊಂಡು ತರಬೇಕಾದ ವಸ್ತುವೆಂದರೆ ಮುಖ್ಯವಾಗಿ ಗಾಜಿನ ಬಳೆ. ಅದಕ್ಕಾಗಿ ಹೆಂಗಸರು ಅಂಗಡಿಗೆ ಹೋಗುತ್ತಿರಲಿಲ್ಲ. ಬಳೆಗಾರನೇ ಹೆಗಲ ಮೇಲೆ ಮಲಾರವನ್ನು ಹೊತ್ತು ಮನೆಯ ಜಗುಲಿಗೆ ಬರುತ್ತಿದ್ದನು. ಕಾಸಿಲ್ಲದವರು ಮೊರದಲ್ಲಿ ರಾಗಿಯನ್ನು ತಂದು ಸುರಿಯುತ್ತಿದ್ದರು. ಹಚ್ಚೆ ಹೊಯ್ಯಲು ಕೊರವಂಜಿ ಬರುತ್ತಿದ್ದಳು. ಇನ್ನು ವರ್ಷಕ್ಕೊಮ್ಮೆ ಜಾತ್ರೆ. ಶಿವರಾತ್ರಿಯ ಕಾಲದಲ್ಲಿ ಸಿದ್ಧಗಂಗೆಯಲ್ಲಿ ನೆರೆಯುವ ದನಗಳ ಜಾತ್ರೆಗೆ ಗಂಡಸರು ಎತ್ತಿನ ಜೋಡಿಗಾಗಿ ಹೋದರೆ, ಹೆಂಗಸರೂ ಹುಡುಗಿಯರೂ ಬಳೆ, ಕುಂಕುಮ, ಬಾಚಣಿಗೆ, ಕನ್ನಡಿಗಳ ಸಾಲಿನ ಕಡೆಗೆ ಹೋಗುತ್ತಿದ್ದರು. ಹುಡುಗಿಯು ತನ್ನ ಕಣ್ಣಿನಿಂದಲೇ ಆರಿಸಿ ‘ಇದು ಬೇಕು’ ಎನ್ನಬಹುದಾಗಿದ್ದ ದಿನ ಅದೊಂದು.

ಈ ಚಿತ್ರವನ್ನು ಕಂಡು, ಅದು ಸ್ವಾವಲಂಬನದ ಸ್ವರ್ಣಯುಗವೆಂದು ನಿಟ್ಟುಸಿರು ಬಿಡುವವರು ಅದರ ಇನ್ನೊಂದು ಮುಖವನ್ನೂ ನೋಡತಕ್ಕದ್ದು. ಮುತ್ತಜ್ಜಿಯ ಕಾಲದಲ್ಲಿ ಹಚ್ಚುವ ಕೈ ಹುಡುಗಿಯದಾಗಿರಲಿಲ್ಲ. ಎಣ್ಣೆಯೊತ್ತಿ ಜಡೆ ಹೆಣೆಯುತ್ತಿದ್ದವಳು ತಾಯಿ. ಹಣೆಗೆ ಕುಂಕುಮವಿಡುತ್ತಿದ್ದವಳು ಅಜ್ಜಿ. ಬಳೆಯ ಬಣ್ಣವನ್ನು ಹೇಳುತ್ತಿದ್ದುದು ಸಂಪ್ರದಾಯ. ಮೈನೆರೆದಾಗ ಆರತಿಯ ಶಾಸ್ತ್ರ, ಮೊಗ್ಗಿನ ಜಡೆ, ಹಸುರು ಬಳೆ. ಮದುವೆಯಾದಾಗ ಕರಿಮಣಿ, ಕಾಲುಂಗುರ. ಹುಡುಗಿಯ ಮುಖವು ಊರು ಓದತಕ್ಕ ಒಂದು ಫಲಕವಾಗಿದ್ದಿತು. ಇವಳು ಕನ್ಯೆಯೋ, ಮುತ್ತೈದೆಯೋ, ಯಾವ ಕುಲದವಳೋ, ಎಷ್ಟು ಮಟ್ಟಿನ ಮನೆಯವಳೋ ಎಂಬುದನ್ನೆಲ್ಲಾ ಆ ಫಲಕ ಹೇಳಬೇಕಾಗಿದ್ದಿತು. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ನಮ್ಮ ಗಾದೆಯು ಸುಮ್ಮನೆ ಹುಟ್ಟಿದುದಲ್ಲ.

ಬರೆದ ಫಲಕವನ್ನು ಅಳಿಸುವ ಅಧಿಕಾರವೂ ಪರರದೇ. ಬಾಲ್ಯವಿವಾಹವು ನಡೆಯುತ್ತಿದ್ದ ಜಾತಿಗಳಲ್ಲಿ ಹನ್ನೆರಡು ಹದಿಮೂರರ ಹುಡುಗಿಯು ಗಂಡನ ಮುಖವನ್ನು ಸರಿಯಾಗಿ ಕಾಣುವ ಮೊದಲೇ ವಿಧವೆಯಾಗುವುದು ಅಪೂರ್ವವಾಗಿರಲಿಲ್ಲ. ಅಂದು ಅವಳ ಕುಂಕುಮವನ್ನು ಅಳಿಸುತ್ತಿದ್ದರು, ಬಳೆಗಳನ್ನು ಒಡೆಯುತ್ತಿದ್ದರು, ಕೆಲವು ಜಾತಿಗಳಲ್ಲಿ ಮುಂದೆ ತಲೆಗೂದಲನ್ನೂ ತೆಗೆಯಿಸುತ್ತಿದ್ದರು. ಅಜ್ಜಿಯ ಕೈಯಿಂದ ಅಷ್ಟು ಅಕ್ಕರೆಯಿಂದ ಬಂದ ಅಲಂಕಾರವು ಅದೇ ಮನೆಯ ಅಪ್ಪಣೆಯಿಂದ ಒಂದೇ ದಿನದಲ್ಲಿ ಹೋಗುತ್ತಿದ್ದಿತು. 1899ರಲ್ಲಿ ಗುಲ್ವಾಡಿ ವೆಂಕಟರಾಯರು ಬರೆದ, ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಗಣ್ಯವಾದ ‘ಇಂದಿರಾಬಾಯಿ’ಯ ನಾಯಿಕೆ ಇಂತಹ ಒಬ್ಬ ಬಾಲವಿಧವೆಯೆಂಬುದು ಗಮನಾರ್ಹ. ಅಲಂಕಾರದ ಚರಿತ್ರೆಯನ್ನು ಬರೆಯುವವರು ನಿರಲಂಕಾರದ ಚರಿತ್ರೆಯನ್ನು ಬಿಡುವಂತಿಲ್ಲ.

ಮೈಸೂರು ಸಂಸ್ಥಾನವು ಈ ವಿಷಯದಲ್ಲಿ ಬ್ರಿಟಿಷ್ ಇಂಡಿಯಾಕ್ಕಿಂತ ಮುಂಚೆಯೇ ಒಂದು ಹೆಜ್ಜೆಯನ್ನಿಟ್ಟಿತು. 1894ರ ರೆಗ್ಯುಲೇಷನ್ನಿನ ಪ್ರಕಾರ ಎಂಟು ವರ್ಷದೊಳಗಿನ ಹೆಣ್ಣುಮಗುವಿನ ಮದುವೆಯೂ, ಹದಿನಾಲ್ಕರೊಳಗಿನ ಹುಡುಗಿಯನ್ನು ಐವತ್ತು ದಾಟಿದ ಗಂಡಸಿಗೆ ಕೊಡುವುದೂ ದಂಡನಾರ್ಹವಾದುವು. ಎಂಟು ವರ್ಷವೆಂಬ ಮಿತಿಯು ಇಂದು ನಮ್ಮನ್ನು ನಾಚಿಸುವುದಾದರೂ, ಅಂದು ಅದಕ್ಕೂ ವಿರೋಧವಿದ್ದಿತೆಂಬುದನ್ನು ನೆನೆಯಬೇಕು. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾನೂನು ಹೆಣ್ಣಿನ ವಿವಾಹವಯಸ್ಸನ್ನು ಹದಿನಾಲ್ಕೆಂದು ಗೊತ್ತುಮಾಡಿತು, 1949ರಲ್ಲಿ ಅದು ಹದಿನೈದಾಯಿತು, 1978ರಲ್ಲಿ ಹದಿನೆಂಟಾಯಿತು. ಇತ್ತ 1881ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ ಹುಟ್ಟಿತು. ಮುಂದೆ ತುಮಕೂರಿನಂತಹ ಜಿಲ್ಲಾ ಕೇಂದ್ರಗಳಲ್ಲಿಯೂ ಹೆಣ್ಣುಮಕ್ಕಳ ಶಾಲೆಗಳು ತಲೆಯೆತ್ತಿದುವು. ತುಮಕೂರಿನ ಎಂಪ್ರೆಸ್ ಬಾಲಿಕಾ ಶಾಲೆಯ ಹೆಸರು ಈ ಸೀಮೆಯವರಿಗೆಲ್ಲಾ ಪರಿಚಿತವಾದುದು.

ಈ ಕಾನೂನುಗಳಿಗೂ ಸ್ನೋ ಪೌಡರುಗಳಿಗೂ ಸಂಬಂಧವೇನೆಂದು ತಾವು ಕೇಳಬಹುದು. ಸಂಬಂಧವುಂಟು. ಬಾಲ್ಯ ಮುಗಿಯುತ್ತಲೇ ಸಂಸಾರ ಆರಂಭವಾಗುತ್ತಿದ್ದ ಕಾಲದಲ್ಲಿ ನಡುವೆ ಒಂದು ಅವಕಾಶವೇ ಇರಲಿಲ್ಲ. ಮದುವೆಯ ವಯಸ್ಸು ಮುಂದೆ ಸರಿದು, ಆ ತೆರಪಿನಲ್ಲಿ ಶಾಲೆಯು ಬಂದು ನಿಂತಾಗ, ಮಗುವೂ ಅಲ್ಲದ ಗೃಹಿಣಿಯೂ ಅಲ್ಲದ ಒಂದು ಹೊಸ ವ್ಯಕ್ತಿ ಕಾಣಿಸಿಕೊಂಡಿತು. ಹರೆಯವೆಂಬ ಶಬ್ದ ನಮ್ಮಲ್ಲಿ ಹಳೆಯದು. ಹರೆಯಕ್ಕೆ ಸಲ್ಲುವ ಕಾಲಾವಕಾಶ ಹೊಸದು. ಅಮೆರಿಕದಲ್ಲಿ ಕೂಡ ಹದಿಹರೆಯದವರನ್ನು ಪ್ರತ್ಯೇಕವಾದ ಒಂದು ವರ್ಗವೆಂದು ಕರೆದು, ಅವರಿಗೆಂದೇ ಪತ್ರಿಕೆಯನ್ನೂ ಸರಕನ್ನೂ ಹೊರಡಿಸಿದುದು 1940ರ ದಶಕದಲ್ಲಿ. ಗೆಳತಿಯರ ಗುಂಪು, ದಿನಕ್ಕೆರಡು ಬಾರಿ ಬೀದಿಯ ನಡಿಗೆ, ಕೈಯಲ್ಲಿ ಒಂದೆರಡು ಕಾಸು ಇವು ಶಾಲೆಯ ಹುಡುಗಿಗೆ ದೊರೆತುವು. ಅಂಗಡಿಯವನು ಕಾದಿದ್ದುದೂ ಇವಕ್ಕೇ.

ಇನ್ನು ಅಂಗಡಿಯು ತುಂಬಿದ ಬಗೆಯನ್ನು ನೋಡೋಣ. 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ಗುಬ್ಬಿಗಳ ಮಾರ್ಗವಾಗಿ ರೈಲು ಓಡತೊಡಗಿತು. ತೆಂಗಿನಕಾಯಿ, ಕೊಬ್ಬರಿ, ಧಾನ್ಯಗಳು ಹೊರಗೆ ಹೋದಂತೆ ಸೀಸೆ ಡಬ್ಬಿಗಳು ಒಳಗೆ ಬಂದುವು. 1890ರ ದಶಕದಲ್ಲಿ ಲಂಡನ್ನಿನ ಬರೋಸ್ ವೆಲ್‌ಕಮ್ ಕಂಪೆನಿಯು ಹೇಜಲೀನ್ ಸ್ನೋ ಎಂಬ ಬಿಳಿಯ ಲೇಪವನ್ನು ಹೊರತಂದಿತು. ಬೊಂಬಾಯಿಯಲ್ಲಿ ಪಾಟನ್‌ವಾಲಾ ಎಂಬ ವರ್ತಕರು ಅಫ್ಘನ್ ಸ್ನೋವನ್ನು ತಯಾರಿಸಿ, ವಿದೇಶೀ ಸರಕಿಗೆ ಸ್ವದೇಶೀ ಎದುರಾಳಿಯನ್ನು ನಿಲ್ಲಿಸಿದರು. ‘ಸ್ನೋ’ ಎಂಬ ಪದವು ಹಿಮವನ್ನೇ ಕಾಣದ ನಮ್ಮ ಬಯಲುಸೀಮೆಯ ಮಾತಿನಲ್ಲಿ ಬೆರೆತು, ಹಳ್ಳಿಯವರ ಬಾಯಲ್ಲಿ ‘ಸ್ನೋ ಪೌಡರು’ ಎಂಬ ಜೋಡಿನುಡಿಯಾಗಿ ನಿಂತುದು ಒಂದು ಸೋಜಿಗವೇ ಸರಿ.

ನಮ್ಮ ಸಂಸ್ಥಾನವು ಸ್ವತಃ ಈ ವ್ಯಾಪಾರಕ್ಕೆ ಇಳಿದುದು ಮಹಾಯುದ್ಧದ ಪರಿಣಾಮ. ಶ್ರೀಗಂಧವು ಟಿಪ್ಪುವಿನ ಕಾಲದಿಂದಲೂ ರಾಜವೃಕ್ಷ. ರೈತನ ಹಿತ್ತಿಲಿನಲ್ಲಿ ತಾನಾಗಿ ಬೆಳೆದರೂ ಮರ ಸರ್ಕಾರದ್ದಾಗಿದ್ದಿತು. ಆ ಗಂಧದ ಕೊರಡು ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿದ್ದಿತು. 1914ರಲ್ಲಿ ಯುದ್ಧವು ಹೊತ್ತಿಕೊಂಡು ರಫ್ತು ನಿಂತಿತು. ಕೊರಡುಗಳು ಉಗ್ರಾಣದಲ್ಲಿ ರಾಶಿಬಿದ್ದುವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಎಣ್ಣೆಯನ್ನು ಬಟ್ಟಿಯಿಳಿಸುವ ಕ್ರಮವನ್ನು ಇಲ್ಲಿಯೇ ಸಾಧಿಸಿದರು. ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ನೆಲೆಗೊಂಡಿತು. ಇಂಗ್ಲೆಂಡಿಗೆ ಹೋಗಿ ಸಾಬೂನಿನ ತಂತ್ರವನ್ನು ಕಲಿತುಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳ ಪರಿಶ್ರಮದಿಂದ 1918ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸ್ಯಾಂಡಲ್ ಸೋಪು ತಯಾರಾಯಿತು. ಆನೆಯ ಸೊಂಡಿಲು, ಸಿಂಹದ ಮೈಯುಳ್ಳ ಶರಭವು ಅದರ ಲಾಂಛನ.

ಈ ಒಂದು ಬಿಲ್ಲೆಯೊಡನೆ ಒಂದು ದೊಡ್ಡ ಬದಲಾವಣೆ ಆಯಿತು. ಅಜ್ಜಿಯ ತಲೆಮಾರಿನ ಹುಡುಗಿಗೆ ಸಾಮಗ್ರಿಯನ್ನು ತಯಾರಿಸಿದವರು ಮನೆಯವರಲ್ಲ, ಕಂಡರಿಯದ ಕಾರ್ಖಾನೆಯವರು. ಕೊಂಡು ತಂದವರು ಮಂಡಿಪೇಟೆಗೆ ಹೋದ ತಂದೆ ಅಥವಾ ಅಣ್ಣ. ಸೋಪು ಶುಚಿತ್ವದ ಹೆಸರಿನಲ್ಲಿ ಬಂದುದರಿಂದ ಅದಕ್ಕೆ ಯಾರ ಆಕ್ಷೇಪವೂ ಇರಲಿಲ್ಲ; ಮೇಲಾಗಿ ಮಹಾರಾಜರ ಸರ್ಕಾರದ ಸೋಪು! ಆದರೆ ಪೌಡರಿನ ಡಬ್ಬಿಗೆ ಅಷ್ಟು ಸುಲಭವಾಗಿ ಬಾಗಿಲು ತೆರೆಯಲಿಲ್ಲ. ಅದಕ್ಕೆ ಕಾರಣವನ್ನು ಗುಬ್ಬಿಯಲ್ಲಿಯೇ ಹುಡುಕಬೇಕು.

ಗುಬ್ಬಿಯಲ್ಲಿ 1884ರಲ್ಲಿ ಸ್ಥಾಪಿತವಾದ ಶ್ರೀ ಚನ್ನಬಸವೇಶ್ವರ ನಾಟಕ ಕಂಪೆನಿಯು ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿನಲ್ಲೆಲ್ಲಾ ಹೆಸರಾಯಿತು. ಅದಕ್ಕೂ ಮೊದಲು ಈ ಸೀಮೆಯಲ್ಲಿ ಮೂಡಲಪಾಯದ ಬಯಲಾಟಗಳಿದ್ದುವು. ನಮ್ಮ ಆಟಗಳ ಬಣ್ಣಗಾರರು ಬಳಸುತ್ತಿದ್ದ ಅರದಾಳದಲ್ಲಿ ಪಾಷಾಣವೂ, ಇಂಗಳೀಕದಲ್ಲಿ ಪಾದರಸವೂ ಇವೆಯೆಂಬುದನ್ನು ರಸಾಯನಶಾಸ್ತ್ರ ಬಲ್ಲವರು ಬಲ್ಲರು. ಸ್ತ್ರೀಯರು ರಂಗಕ್ಕೆ ಬರುವ ಮುನ್ನ ಹೆಣ್ಣುವೇಷವನ್ನು ಮೀಸೆ ಮೂಡದ ಬಾಲಕರು ಕಟ್ಟುತ್ತಿದ್ದರು. ಆದ್ದರಿಂದ ಊರಿನ ಕಣ್ಣೆದುರಿಗೆ ಬಣ್ಣ ಬಳಿದುಕೊಂಡು, ಕಾಡಿಗೆ ತೀಡಿಕೊಂಡು ನಿಂತ ಮೊದಲ ಹರೆಯದವರು ನಮ್ಮ ಹುಡುಗರೇ ಎನ್ನಬಹುದು. ಅವರನ್ನು ಜನರು ಮೆಚ್ಚಿ ಚಪ್ಪಾಳೆ ತಟ್ಟಿದರು. ತರುವಾಯ ಬಿ. ಜಯಮ್ಮನವರಂತಹ, ಮಳವಳ್ಳಿ ಸುಂದರಮ್ಮನವರಂತಹ ಪ್ರತಿಭಾವಂತ ನಟಿಯರು ಅದೇ ಬಣ್ಣವನ್ನು ಹಚ್ಚಿಕೊಂಡು ಅದೇ ರಂಗದ ಮೇಲೆ ನಿಂತಾಗ ಜನರು ಚಪ್ಪಾಳೆಯನ್ನೂ ತಟ್ಟಿದರು, ಮನೆಗೆ ಹಿಂದಿರುಗಿ ಮೂಗನ್ನೂ ಮುರಿದರು. ‘ನಾಟಕದವಳ ಹಾಗೆ ಪೌಡರು ಬಳಿದುಕೊಂಡಿದ್ದಾಳೆ’ ಎಂಬುದು ಮರ್ಯಾದಸ್ಥರ ಮನೆಗಳಲ್ಲಿ ಬೈಗುಳವಾಯಿತು. ಒಂದೇ ಬಣ್ಣಕ್ಕೆ ಹುಡುಗನ ಮುಖದಲ್ಲಿ ಒಂದು ಬೆಲೆ, ಹೆಂಗಸಿನ ಮುಖದಲ್ಲಿ ಇನ್ನೊಂದು ಬೆಲೆ! ನಾಡಿನ ರಂಗಭೂಮಿಯನ್ನು ಕಟ್ಟಿದ ಆ ಸ್ತ್ರೀಯರ ಮೇಲೆ ಈ ಅನ್ಯಾಯವು ಬಹುಕಾಲ ನಡೆಯಿತೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಗಂಡುಹುಡುಗರಿಗೆ ತಮ್ಮದೇ ಆದ ಕಲಹವಿದ್ದಿತು. ಜುಟ್ಟನ್ನು ತೆಗೆಯಿಸಿ ಕ್ರಾಪು ಬಿಡುವುದು ಆ ತಲೆಮಾರಿನ ದೊಡ್ಡ ಬಂಡಾಯ. ಶಾಲೆಗೆ ಹೋಗಿ ಇಂಗ್ಲಿಷು ಕಲಿತ ಮಗನು ಕ್ರಾಪು ಬಾಚಿಕೊಂಡು ಮನೆಗೆ ಬಂದರೆ, ಶ್ರಾದ್ಧದ ಪಂಕ್ತಿಗೆ ಅವನನ್ನು ಕೂಡಿಸಬಹುದೇ ಎಂಬ ಚರ್ಚೆಯೇಳುತ್ತಿದ್ದಿತು. ಕಾಲಕ್ರಮದಲ್ಲಿ ಕ್ರಾಪು ಗೆದ್ದಿತು. ಇಂದು ಜುಟ್ಟೇ ವಿಶೇಷ. ಹುಡುಗರ ಬಂಡಾಯವನ್ನು ಒಂದು ತಲೆಮಾರಿನಲ್ಲಿ ಮರೆತ ಸಮಾಜವು ಹುಡುಗಿಯರ ಬಂಡಾಯವನ್ನು ಮೂರು ತಲೆಮಾರು ನೆನಪಿನಲ್ಲಿಟ್ಟುಕೊಂಡಿತು.

ಪೌಡರಿನ ಮೇಲಿದ್ದ ಕಳಂಕವನ್ನು ತೊಳೆದುದು ಸಿನಿಮಾ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಗೆ ಬಂದುದು 1934ರಲ್ಲಿ. 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಮೊದಲ ಬಾರಿಗೆ ಒಬ್ಬ ಭಾರತೀಯ ಚಿತ್ರನಟಿ ಕಾಣಿಸಿಕೊಂಡರು. ಅವರು ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನಿಸ್. ವಿದ್ಯಾವಂತೆಯಾದ ಪದವೀಧರೆಯೊಬ್ಬರು ಪತ್ರಿಕೆಯ ಪುಟದಿಂದ ನಗುತ್ತ ತಮ್ಮ ಕಾಂತಿಯ ಕಾರಣವನ್ನು ಹೇಳುವಾಗ ‘ನಾಟಕದವಳು’ ಎಂಬ ಬೈಗುಳದ ಮೊನೆ ಮೊಂಡಾಯಿತು. ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ, ಟಾಟಾ ಸಂಸ್ಥೆಯವರು ಫ್ರೆಂಚರ ಸಹಕಾರದಿಂದ ಲ್ಯಾಕ್ಮೆ ಕಂಪೆನಿಯನ್ನು ಸ್ಥಾಪಿಸಿದರು. ವಿದೇಶೀ ಪ್ರಸಾಧನಗಳಿಗಾಗಿ ದೇಶದ ಹಣ ಹೊರಗೆ ಹರಿಯುವುದನ್ನು ತಡೆಯಬೇಕೆಂಬ ಉದ್ದೇಶವು ಅದರ ಹಿಂದಿದ್ದಿತೆಂದು ಹೇಳುತ್ತಾರೆ. ಹೆಸರು ಫ್ರೆಂಚ್ ಗೀತನಾಟಕವೊಂದರದು. ಆ ನಾಟಕದ ನಾಯಿಕೆಯಾದರೋ ಭಾರತದ ಕನ್ಯೆ, ಅವಳ ಹೆಸರು ನಮ್ಮ ಲಕ್ಷ್ಮಿಯ ರೂಪಾಂತರ. ಲಕ್ಷ್ಮಿಯು ಪ್ಯಾರಿಸ್ಸಿಗೆ ಹೋಗಿ ಹೆಸರು ತಿದ್ದಿಸಿಕೊಂಡು ಹಿಂದಿರುಗಿ ಬಂದಂತಾಯಿತು.

ತಾಯಿಯ ತಲೆಮಾರು ಹೀಗೆ ಫ್ಯಾನ್ಸಿ ಸ್ಟೋರಿನ ತಲೆಮಾರು. ತುಮಕೂರಿನ ಎಂ. ಜಿ. ರಸ್ತೆಯಲ್ಲಿಯೂ ಚಿಕ್ಕಪೇಟೆಯಲ್ಲಿಯೂ ಗುಬ್ಬಿ ಕುಣಿಗಲುಗಳ ಪೇಟೆಬೀದಿಗಳಲ್ಲಿಯೂ ಗಾಜಿನ ಬೀರುಗಳ ಹಿಂದೆ ರಿಬ್ಬನ್ನು, ಹೇರ್‌ಪಿನ್ನು, ಮದರಾಸಿನ ಐಟೆಕ್ಸ್ ಕಾಡಿಗೆ, ಉಗುರುಬಣ್ಣದ ಸೀಸೆ, ಪೌಡರಿನ ಡಬ್ಬಿಗಳು ಸಾಲುಗೊಂಡುವು. ಬಳೆಗಾರನು ಮಲಾರವನ್ನಿಳಿಸಿ ಬ್ಯಾಂಗಲ್ ಸ್ಟೋರಿನ ಗಲ್ಲದ ಹಿಂದೆ ಕುಳಿತನು. ಹುಡುಗಿಯು ಈಗ ತಾಯಿಯೊಡನೆಯೋ ಗೆಳತಿಯರೊಡನೆಯೋ ತಾನೇ ಅಂಗಡಿಗೆ ಬಂದಳು. ಕೈಯಿಂದ ಮುಟ್ಟಿ, ಬೆಲೆ ಕೇಳಿ, ಚೌಕಾಸಿ ಮಾಡಿ ಕೊಂಡಳು. ಮೊಗ್ಗಿನ ಜಡೆ ಹೆಣೆಯಿಸಿಕೊಂಡು ಫೋಟೋ ಸ್ಟುಡಿಯೋದಲ್ಲಿ, ಜಡೆಯೂ ಕಾಣಿಸುವಂತೆ ಬೆನ್ನ ಹಿಂದೆ ಕನ್ನಡಿಯನ್ನಿಟ್ಟುಕೊಂಡು ತೆಗೆಯಿಸಿದ ಪಟವು ತಮ್ಮಲ್ಲಿ ಅನೇಕರ ಮನೆಯ ಗೋಡೆಯ ಮೇಲೆ ಇರಬಹುದು. ಮುಂದೆ ಅಂಟಿಸುವ ಬೊಟ್ಟಿನ ಹಾಳೆಗಳು ಬಂದುವು. ಹಣೆಯ ಮೇಲೆ ಶಾಶ್ವತವಾದ ಗುರುತೆಂದೆಣಿಸಿದ್ದ ವಸ್ತುವು ರಾತ್ರಿ ಕಿತ್ತು ಬಚ್ಚಲಿನ ಗೋಡೆಗೆ ಅಂಟಿಸಿ, ಬೆಳಗ್ಗೆ ಸೀರೆಗೊಪ್ಪುವ ಬಣ್ಣವನ್ನು ಹುಡುಕುವ ವಸ್ತುವಾಯಿತು.

ಸಾಮಗ್ರಿಯು ಕಾರ್ಖಾನೆಯದಾದಾಗ ಅದರ ಗುಣದೋಷವು ಸರ್ಕಾರದ ಹೊಣೆಯಾಯಿತು. 1940ರ ಔಷಧಗಳ ಕಾನೂನಿಗೆ 1962ರಲ್ಲಿ ತಿದ್ದುಪಡಿಯಾಗಿ, 1964ರಿಂದ ಪ್ರಸಾಧನಗಳೂ ಅದರ ಆಡಳಿತಕ್ಕೆ ಒಳಪಟ್ಟುವು. ಕಾಡಿಗೆಯ ಬಟ್ಟಲಿಗೆ ಅಜ್ಜಿಯ ಕೈಯೇ ಪ್ರಮಾಣವಾಗಿದ್ದಿತು. ಡಬ್ಬಿಗೆ ಲೈಸೆನ್ಸಿನ ಸಂಖ್ಯೆ ಪ್ರಮಾಣವಾಯಿತು.

ಆದರೆ ಕಾನೂನಿನ ಕಣ್ಣಿಗೆ ಬೀಳದ ಒಂದು ವಿಷವೂ ಅದೇ ಕಾಲದಲ್ಲಿ ಬಲವಾಯಿತು. ಮೈಬಣ್ಣದ ಮೇಲಣ ಮೋಹವು ನಮ್ಮಲ್ಲಿ ಮೊದಲೂ ಇದ್ದಿತು. ಆದರೂ ‘ಕಪ್ಪಗಿದ್ದರೂ ಕಸ್ತೂರಿ’ ಎಂದು ಸಮಾಧಾನ ಹೇಳುವ ನುಡಿಯೂ ಇದ್ದಿತು. ನಮ್ಮ ಕೃಷ್ಣನೂ ಕಪ್ಪು. 1975ರಲ್ಲಿ ಹಿಂದೂಸ್ತಾನ್ ಲೀವರ್ ಕಂಪೆನಿಯು ಫೇರ್ ಅಂಡ್ ಲವ್ಲಿ ಎಂಬ ಲೇಪವನ್ನು ಮಾರಾಟಕ್ಕಿಟ್ಟಾಗ ಆ ಮೋಹಕ್ಕೆ ಒಂದು ಡಬ್ಬಿ, ಒಂದು ಬೆಲೆ, ಒಂದು ಭರವಸೆ ದೊರೆತುವು. ಬಿಳುಪಾದರೆ ವರನೂ ಉದ್ಯೋಗವೂ ತಾವಾಗಿ ಬರುವುವೆಂದು ಜಾಹೀರಾತುಗಳು ದಶಕಗಳ ಕಾಲ ಹೇಳಿದುವು. ಬಿಸಿಲಿನಲ್ಲಿ ಕಳೆ ಕೀಳುವ ರೈತರ ಮಕ್ಕಳ ನಾಡಿನಲ್ಲಿ, ಬಿಸಿಲು ಕೊಟ್ಟ ಬಣ್ಣವನ್ನು ಒಂದು ಕೊರತೆಯೆಂದು ಸಾರಿದ ಈ ವ್ಯಾಪಾರವು ಎಷ್ಟು ಹುಡುಗಿಯರ ಮನಸ್ಸನ್ನು ಕುಗ್ಗಿಸಿತೋ ಲೆಕ್ಕವಿಟ್ಟವರಿಲ್ಲ. 2020ರಲ್ಲಿ, ವರ್ಣಭೇದದ ವಿರುದ್ಧ ಲೋಕವ್ಯಾಪಕವಾದ ಚರ್ಚೆಯೆದ್ದಾಗ, ಕಂಪೆನಿಯು ‘ಫೇರ್’ ಎಂಬ ಮಾತನ್ನು ತೆಗೆದು ಗ್ಲೋ ಅಂಡ್ ಲವ್ಲಿ ಎಂದು ಹೆಸರಿಟ್ಟಿತು. ಹೆಸರು ಬದಲಾಗಲು 45 ವರ್ಷ ಹಿಡಿಯಿತು. ಹೆಣ್ಣು ನೋಡಲು ಬರುವವರ ಮಾತು ಬದಲಾಗಲು ಇನ್ನೆಷ್ಟು ಹಿಡಿಯುವುದೋ.

1991ರ ಆರ್ಥಿಕ ನೀತಿಯಿಂದ ನಾಲ್ಕನೆಯ ಅಧ್ಯಾಯ ತೊಡಗುತ್ತದೆ. ವಿದೇಶೀ ಕಂಪೆನಿಗಳಿಗೆ ಬಾಗಿಲು ತೆರೆಯಿತು. 1994ರಲ್ಲಿ ಸುಷ್ಮಿತಾ ಸೇನ್ ಮತ್ತು ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಲೋಕದ ಎರಡು ಸೌಂದರ್ಯಸ್ಪರ್ಧೆಗಳಲ್ಲಿ ಗೆದ್ದರು. 1996ರಲ್ಲಿ ಮಿಸ್ ವರ್ಲ್ಡ್ ಸ್ಪರ್ಧೆಯು ಬೆಂಗಳೂರಿನಲ್ಲಿಯೇ ನಡೆದಾಗ, ಸಂಸ್ಕೃತಿಯ ಹೆಸರಿನಲ್ಲಿ ಕೆಲವರೂ ಸ್ತ್ರೀಯ ಗೌರವದ ಹೆಸರಿನಲ್ಲಿ ಕೆಲವರೂ ಬೀದಿಗಿಳಿದು ಪ್ರತಿಭಟಿಸಿದರು. ಹಳ್ಳಿಯ ಮಟ್ಟಿಗೆ ಈ ಸ್ಪರ್ಧೆಗಳಿಗಿಂತಲೂ ದೊಡ್ಡ ಕ್ರಾಂತಿಯನ್ನು ಮಾಡಿದುದು 1980ರ ದಶಕದಿಂದ ಹಬ್ಬಿದ ಚಿಕ್ಕ ಪೊಟ್ಟಣ. ಡಬ್ಬಿಯನ್ನು ಕೊಳ್ಳಲಾರದವಳು ಒಂದು ರೂಪಾಯಿಯ ಷಾಂಪೂವನ್ನು ಕೊಳ್ಳಬಲ್ಲಳು. ಚಿಲ್ಲರೆ ಅಂಗಡಿಯ ಬಾಗಿಲಿನಲ್ಲಿ ತೋರಣದಂತೆ ತೂಗಿದ ಆ ಪೊಟ್ಟಣಗಳ ಮುಂದೆ ಸೀಗೆಪುಡಿಯ ಡಬ್ಬ ಹಿಂದೆ ಸರಿಯಿತು. ತಿಪಟೂರಿನ ಕೊಬ್ಬರಿಗೆ ಹೆಸರಾದ ಜಿಲ್ಲೆಯ ಹುಡುಗಿ, ತೆಂಗಿನ ತೋಟದ ನಡುವೆಯೇ ನಿಂತು, ನೀಲಿ ಬಾಟಲಿನ ಕೊಬ್ಬರಿ ಎಣ್ಣೆಯನ್ನು ಕೊಂಡು ತರುತ್ತಾಳೆ. ಗಾಣ ನಿಂತುಹೋದ ಊರಿನಲ್ಲಿ ಅವಳು ಬೇರೇನು ಮಾಡಿಯಾಳು?

ಇಂದು ಸತ್ಯಮಂಗಲದ ಹುಡುಗಿಗೆ ಮಂಡಿಪೇಟೆಯೂ ದೂರ. 2007ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಫ್ಲಿಪ್‌ಕಾರ್ಟ್, 2012ರಲ್ಲಿ ಆರಂಭವಾದ ನೈಕಾ ಮೊದಲಾದ ಸಂಸ್ಥೆಗಳು ಅವಳ ಅಂಗೈಯಲ್ಲಿರುವ ಮೊಬೈಲಿಗೆ ಅಂಗಡಿಯನ್ನೇ ತಂದಿಟ್ಟಿವೆ. ಹೀಗೆ ನೋಡಿದರೆ ಬಳೆಗಾರನು ಮತ್ತೆ ಜಗುಲಿಗೆ ಬಂದಿದ್ದಾನೆ. ಆದರೆ ಅವನಿಗೆ ಮನೆಯವರ ಮುಖ ಪರಿಚಯವಿಲ್ಲ, ಕೈಯ ಅಳತೆ ಗೊತ್ತಿಲ್ಲ. ಹಚ್ಚುವುದನ್ನು ಕಲಿಸುವವರೂ ಅಜ್ಜಿಯರಲ್ಲ. ಎಲ್ಲೋ ಕುಳಿತು ಕನ್ನಡದಲ್ಲಿಯೇ ವೀಡಿಯೋ ಮಾಡುವ ಸಮವಯಸ್ಕರು. ಹುಡುಗರೂ ಗಡ್ಡಕ್ಕೆ ಎಣ್ಣೆ, ಮುಖಕ್ಕೆ ಲೇಪ ಎಂದು ಅದೇ ಅಂಗಡಿಯಲ್ಲಿ ಹುಡುಕುತ್ತಿದ್ದಾರೆ. ನಮ್ಮ ಮೂರು ಪ್ರಶ್ನೆಗಳಿಗೆ ಇಂದಿನ ಉತ್ತರವಿದು: ತಯಾರಿಸಿದವನು ಅಜ್ಞಾತ, ಕೊಂಡವಳು ತಾನು, ಹಚ್ಚಿದ ಕೈ ತನ್ನದೇ.

ಇದು ಏಳಿಗೆಯೋ ಇಳಿಕೆಯೋ? ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಚರಿತ್ರಕಾರನಿಗೆ ತಕ್ಕುದಲ್ಲ. ಕಳೆದುಕೊಂಡುದು ಉಂಟು: ಮನೆಯಲ್ಲಿಯೇ ತಯಾರಿಸುವ ಜಾಣ್ಮೆ, ಎಣ್ಣೆಯೊತ್ತುವ ಬೆರಳಿನ ಬಿಸಿ, ಜಡೆ ಹೆಣೆಯುವಾಗಿನ ಮಾತುಕತೆ. ಹೊಸ ಅಪಾಯವೂ ಉಂಟು. ಹೆಸರಿಲ್ಲದ ಬಿಳುಪಿನ ಲೇಪಗಳಲ್ಲಿ ಪಾದರಸವಿರುವುದು ಲೋಕದ ನಾನಾ ಕಡೆ ಪತ್ತೆಯಾಗಿದೆ. ಅದು ಮೂತ್ರಪಿಂಡಕ್ಕೂ ನರಗಳಿಗೂ ಹಾನಿಕರ. 2013ರ ಮಿನಮಾತಾ ಒಪ್ಪಂದವೂ ಭಾರತದ 2020ರ ಪ್ರಸಾಧನ ನಿಯಮಗಳೂ ಅದನ್ನು ನಿಷೇಧಿಸಿವೆ. ಹಿಂದೆ ಇಂಗಳೀಕವನ್ನು ಹಚ್ಚಿಕೊಂಡ ನಟನಿಗೆ ಅದರೊಳಗಿನ ಪಾದರಸದ ಸುದ್ದಿ ತಿಳಿದಿರಲಿಲ್ಲ. ಇಂದಿನ ಹುಡುಗಿಗೆ ತಿಳಿಯುವ ಸಾಧನವಿದೆ. ಡಬ್ಬಿಯ ಮೇಲೆ ತಯಾರಕರ ಹೆಸರು, ಲೈಸೆನ್ಸಿನ ಸಂಖ್ಯೆ, ಅವಧಿ ಮುಗಿಯುವ ತಾರೀಖು ಇವನ್ನು ಓದುವ ಅಭ್ಯಾಸವನ್ನು ಶಾಲೆಗಳು ಕಲಿಸುವುದಾದರೆ, ಬೊಟ್ಟು ಬಳೆಗಳ ವಿಷಯದಲ್ಲಿ ಅವು ಹೊರಡಿಸುವ ಆಜ್ಞೆಗಳಿಗಿಂತ ಹೆಚ್ಚಿನ ಉಪಕಾರವಾದೀತು. ಇನ್ನೊಂದು ಅಪಾಯವು ಸೂಕ್ಷ್ಮವಾದುದು. ಊರಿನ ನೂರು ಕಣ್ಣುಗಳಿಂದ ಬಿಡಿಸಿಕೊಂಡ ಹುಡುಗಿಯು ಕ್ಯಾಮೆರಾದ ಒಂದು ಕಣ್ಣಿಗೆ ಸಿಕ್ಕಿಕೊಂಡಿದ್ದಾಳೆ. ಆ ಕಣ್ಣಿನ ಹಿಂದೆ ಲಕ್ಷ ಕಣ್ಣುಗಳಿವೆ. ನೋಟವು ಇನ್ನೂ ಪರರಿಚ್ಛೆಯಾಗಿಯೇ ಇದೆ. ಪರರು ಮಾತ್ರ ಬದಲಾಗಿದ್ದಾರೆ.

ಇಷ್ಟನ್ನು ಒಪ್ಪಿಯೂ ಲಾಭದ ಕಡೆಯನ್ನು ತೂಗಿ ನೋಡಬೇಕು. ಮುತ್ತಜ್ಜಿಗೆ ದೊರೆತ ಅಲಂಕಾರವು ಪರರು ಕೊಟ್ಟುದಾದುದರಿಂದ ಪರರು ಕಿತ್ತುಕೊಳ್ಳಬಹುದಾದುದಾಗಿದ್ದಿತು. ಮಗಳ ಅಲಂಕಾರವು ಅವಳದೇ ಆದುದರಿಂದ ಇಟ್ಟುಕೊಳ್ಳುವುದೂ ಬಿಡುವುದೂ ಅವಳ ಇಷ್ಟ. ಈ ಹಕ್ಕು ಇನ್ನೂ ಎಲ್ಲರಿಗೂ ಎಟುಕಿಲ್ಲ. 2022ರ ಮೇ ತಿಂಗಳಲ್ಲಿ, ನಮ್ಮ ಗಡಿಗೆ ಸಮೀಪದ ಕೊಲ್ಲಾಪುರ ಜಿಲ್ಲೆಯ ಹೇರವಾಡವೆಂಬ ಹಳ್ಳಿಯ ಪಂಚಾಯಿತಿಯು, ಗಂಡ ಸತ್ತವಳ ಕುಂಕುಮವನ್ನಳಿಸುವ, ಬಳೆಯೊಡೆಯುವ ಆಚಾರಗಳನ್ನು ತನ್ನ ಊರಿನಲ್ಲಿ ನಿಲ್ಲಿಸಬೇಕೆಂದು ನಿರ್ಣಯಿಸಿತು. ಮಹಾರಾಷ್ಟ್ರ ಸರ್ಕಾರವು ಇತರ ಗ್ರಾಮಗಳೂ ಆ ಮಾದರಿಯನ್ನು ಅನುಸರಿಸಲೆಂದು ಸೂಚಿಸಿತು. 1894ರ ರೆಗ್ಯುಲೇಷನ್ನಿಗೆ 128 ವರ್ಷಗಳಾದ ಮೇಲೂ ಅಂತಹ ನಿರ್ಣಯವೊಂದು ಬೇಕಾಯಿತೆಂಬುದು, ಹಣೆಯ ಮೇಲಣ ಒಂದು ಚುಕ್ಕಿಯ ಒಡೆತನವು ಎಷ್ಟು ದೊಡ್ಡ ಪ್ರಶ್ನೆಯೆಂಬುದನ್ನು ತೋರಿಸುತ್ತದೆ.

ಆದುದರಿಂದ ಮನೆಯ ಹುಡುಗಿಯು ತನ್ನ ಹಣದಿಂದ ಒಂದು ತುಟಿಬಣ್ಣವನ್ನು ಕೊಂಡು ತಂದಾಗ ಹಿರಿಯರು ಕೇಳಬೇಕಾದ ಪ್ರಶ್ನೆ ‘ನಾಲ್ಕು ಜನ ಏನೆಂದಾರು’ ಎಂಬುದಲ್ಲ. ಅದರಲ್ಲಿ ಏನು ಬೆರೆತಿದೆ, ಬೆಲೆ ನ್ಯಾಯವೇ, ಅದಿಲ್ಲದ ದಿನವೂ ಕನ್ನಡಿಯನ್ನು ನಿರ್ಭಯವಾಗಿ ನೋಡಬಲ್ಲೆಯಾ ಎಂದು ಕೇಳಿದರೆ ಸಾಕು. ಮೊದಲನೆಯ ಎರಡು ಪ್ರಶ್ನೆಗಳಿಗೆ ಡಬ್ಬಿಯ ಮೇಲಣ ಬರಹವು ಉತ್ತರ ಕೊಡುತ್ತದೆ. ಮೂರನೆಯದಕ್ಕೆ ಅವಳು ಹೌದೆನ್ನುವಂತೆ ಬೆಳೆಸುವುದು ಮನೆಯ ಕೆಲಸ. ಅದು ಯಾವ ಅಂಗಡಿಯಲ್ಲಿಯೂ ದೊರೆಯುವ ಸಾಮಗ್ರಿಯಲ್ಲ.